ಪುತಳಿ ಸರ ಮುರಿಸಬೇಡಿ, ಅಕ್ಕಾರ

ಚಿಕ್ಕೋಡಿ
ಬಲಿಪಾಡ್ಯಮಿ

ಪ್ರೀತಿಯ ಅಕ್ಕಾರಿಗೆ,



ನಿಮ್ಮ ಪತ್ರ ಹೋದ ವಾರವೇ ಕೈಸೇರಿತು. ಹಬ್ಬದ ಗದ್ದಲದಲ್ಲಿ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ರಾಯಬಾಗ ಕಡೆ ಕಬ್ಬು ಕಡಿಯುವ ಗ್ಯಾಂಗು ಬಂದು ಇಳಿದಿದೆ ಎಂದು ಬರೆದಿದ್ದೀರಿ. ಇಲ್ಲಿಯೂ ಅಷ್ಟೇ, ರಾತ್ರಿಯೆಲ್ಲ ಟ್ರ್ಯಾಕ್ಟರಿನ ಸದ್ದು. ಮೊಮ್ಮಗಳು ಹುಟ್ಟಿದ ಸುದ್ದಿ ಓದಿ ಮನೆಯವರೆಲ್ಲ ಖುಷಿಪಟ್ಟೆವು.

ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಕಾಗದದ ಅಂಚಿನಲ್ಲಿ ನೀವು ಬರೆದ ನಾಲ್ಕು ಸಾಲನ್ನು ಎರಡು ಸಲ ಓದಿದೆ. "ಪುಣೇದಿಂದ ಮಗಾ ಒಂದು ಬಣ್ಣದ ಪುಸ್ತಕ ತಂದಾನ. ಸ್ಮರಣಾರ್ಥ ಬಂಗಾರದ ನಾಣ್ಯ ಅಂತ. ವರ್ಷಕ್ಕೊಂದರಂಗ ಕೂಸಿನ ಹೆಸರಿಲೆ ಕೂಡಿಸೂಣು, ಮುಂದ ಹತ್ತು ಪಟ್ಟು ಆಗ್ತೈತಿ ಅಂತಾನ. ಕಬ್ಬಿನ ಬಿಲ್ಲಿನ ರೊಕ್ಕ ಸಾಲದಿದ್ರ ಅತ್ತಿಯವರ ಪುತಳಿ ಸರ ಮುರಿಸೂಣು ಅಂತಾನ. ನೀವು ಹಳೇ ನಾಣ್ಯದ ನಾದ ಇದ್ದವರು, ಏನು ಮಾಡ್ಲಿ ಹೇಳ್ರಿ."

ಉತ್ತರ ಮೊದಲು ಹೇಳಿ ಕಾರಣ ಆಮೇಲೆ ಹೇಳುತ್ತೇನೆ. ಸರ ಮುರಿಸಬೇಡಿ. ಆ ಬಣ್ಣದ ಪುಸ್ತಕದ ನಾಣ್ಯ ಕೊಳ್ಳಬೇಡಿ. ಮಗ ಕೆಟ್ಟದ್ದು ಯೋಚಿಸಿಲ್ಲ. ಮಗಳ ಹೆಸರಿನಲ್ಲಿ ಬಂಗಾರ ಕೂಡಿಸಬೇಕು ಎನ್ನುವ ತಂದೆಯನ್ನು ಬೈಯಬಾರದು. ಆದರೆ ಅವನು ಬಂಗಾರವನ್ನೂ ನೆನಪನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಳ್ಳಲು ಹೊರಟಿದ್ದಾನೆ. ಆ ಪೆಟ್ಟಿಗೆಗೆ ಅವನು ಕೊಡುವ ಹೆಚ್ಚಿನ ದುಡ್ಡು ತಿರುಗಿ ಬರುವುದಿಲ್ಲ.

ಇದು ನನಗೆ ತಿಳಿದದ್ದು ಓದಿನಿಂದಲ್ಲ, ಸ್ವಂತ ಕೈಯಿಂದ ಕಳೆದುಕೊಂಡು. ನಮ್ಮವ್ವನ ಎಪ್ಪತ್ತು ತುಂಬಿದ ವರ್ಷ ನಾನೂ ಇಂಥದೇ ಒಂದು ನಾಣ್ಯ ತರಿಸಿದ್ದೆ. ಹತ್ತು ಗ್ರಾಂ. ಮೇಲೆ ದೇವರ ಚಿತ್ರ, ಚಿತ್ರಕ್ಕೆ ಕೆಂಪು ಹಸಿರು ಮೀನಾಕಾರಿ, ಮಖಮಲ್ಲಿನ ಪೆಟ್ಟಿಗೆ, ಕ್ರಮಸಂಖ್ಯೆ ಬರೆದ ಪ್ರಮಾಣಪತ್ರ. ಇಷ್ಟೇ ನಾಣ್ಯ ಹೊಡೆದಿದ್ದೇವೆ, ಮತ್ತೆ ಹೊಡೆಯುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಆರೇಳು ವರ್ಷವಾದ ಮೇಲೆ ಆಸ್ಪತ್ರೆಯ ಖರ್ಚು ಬಂತು. ನಿಪ್ಪಾಣಿಯ ಸರಾಫರೊಬ್ಬರ ಅಂಗಡಿಗೆ ಒಯ್ದೆ. ಅವರು ಪೆಟ್ಟಿಗೆ ಮತ್ತು ಪ್ರಮಾಣಪತ್ರವನ್ನು ಗಲ್ಲೆಯ ಆಚೆಗೆ ಸರಿಸಿ ಇಟ್ಟರು. ಸಣ್ಣ ಚಾಣದಿಂದ ಮೀನಾಕಾರಿ ಕೆರೆದರು. ಬಣ್ಣ ಪುಡಿಪುಡಿಯಾಗಿ ಬಿಳಿ ಬಟ್ಟೆಯ ಮೇಲೆ ಬಿತ್ತು, ಅದರ ಕೆಳಗೆ ಒರಟು ಬಂಗಾರ ಕಂಡಿತು. ಒರೆಗಲ್ಲಿಗೆ ಒಂದು ಗೆರೆ ಎಳೆದು, ತಕ್ಕಡಿಗೆ ಹಾಕಿ, ಆ ದಿನದ ಭಾವ ಹೇಳಿದರು. ನಾಣ್ಯಕ್ಕೆಂದು ನಾನು ಕೊಟ್ಟಿದ್ದ ಹೆಚ್ಚಿನ ಹಣಕ್ಕೆ ಅಲ್ಲಿ ಹೆಸರೇ ಇರಲಿಲ್ಲ. "ಅಣ್ಣಾರ, ನಾವು ಕೊಳ್ಳೂದು ಬಂಗಾರ. ಚಿತ್ರ ಕೊಳ್ಳೂದಿಲ್ರಿ," ಅಂದರು. ಅವರು ಹೇಳಿದ್ದು ನ್ಯಾಯದ ಮಾತು. ಅವ್ವನ ಹೆಸರಿನ ನಾಣ್ಯ ಕೆರೆಸಿಕೊಂಡ ಆ ಗಳಿಗೆ ಮಾತ್ರ ನನಗೆ ಇವತ್ತಿಗೂ ನೋವು.

ಲೆಕ್ಕ ಹೀಗೆ ನೋಡಿ. ಒಳಗಿನ ಬಂಗಾರ 100 ರೂಪಾಯಿಯದು ಎಂದು ಇಟ್ಟುಕೊಳ್ಳಿ. ಮಜೂರಿ, ಪೆಟ್ಟಿಗೆ, ಕಂಪನಿಯ ಲಾಭ ಸೇರಿ 115 ಆಯಿತು ಎನ್ನೋಣ, ಅದರ ಮೇಲೆ ಶೇ 3ರ ಜಿಎಸ್‌ಟಿ. ಮಾರುವ ದಿನ ಸರಾಫ 100ರ ಬಂಗಾರದಲ್ಲೂ ತನ್ನ ಕಸರು ತೆಗೆದೇ ಕೊಡುತ್ತಾನೆ. ಬಂಗಾರದ ಭಾವ ಏರಿದರೆ ನಿಮಗೆ ಲಾಭ ಕಂಡೀತು. ಅದು ಬಂಗಾರ ತಂದ ಲಾಭ, ನಾಣ್ಯ ತಂದದ್ದಲ್ಲ. 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ಮುಟ್ಟಿದಾಗ ಇಂಥ ನಾಣ್ಯ ಇಟ್ಟುಕೊಂಡವರು "ನಮ್ಮ ನಾಣ್ಯದ ಬೆಲೆ ಏರಿತು" ಎಂದು ಹಿಗ್ಗಿದರು. ಪಕ್ಕದ ಮನೆಯವರ ಬೋರಮಾಳದ ಬೆಲೆಯೂ ಅದೇ ದಿನ ಅಷ್ಟೇ ಏರಿತ್ತು.

ಹಾಗಾದರೆ ಒಂದು ನಾಣ್ಯಕ್ಕೆ ಲೋಹಕ್ಕಿಂತ ಹೆಚ್ಚು ಬೆಲೆ ಎಲ್ಲಿಂದ ಬರುತ್ತದೆ? ನಾನು ವರ್ಷಗಟ್ಟಲೆ ಕೊಲ್ಲಾಪುರದ ಗುಜರಿ ಪೇಟೆಯಿಂದ ಬೆಳಗಾವಿಯವರೆಗೆ ಹಳೇ ನಾಣ್ಯ ನೋಡುತ್ತ ಅಲೆದು ಕಂಡುಕೊಂಡದ್ದು ಇಷ್ಟು: ಜನ ಬಳಸಿ, ಕರಗಿಸಿ, ಹೂತು, ಕಳೆದು, ಕೊನೆಗೆ ಉಳಿದ ಕೆಲವಕ್ಕೆ ಬೆಲೆ. ವಿಜಯನಗರದ ವರಾಹ ಅಪರೂಪವಾಗಲಿ ಎಂದು ಯಾರೂ ಹೊಡೆಯಲಿಲ್ಲ. ಮೂರೂವರೆ ಗ್ರಾಂ ಹತ್ತಿರದ ಆ ಪುಟ್ಟ ಬಿಲ್ಲೆಯಲ್ಲಿ ಸೈನಿಕನ ಸಂಬಳ, ಕುದುರೆಯ ಬೆಲೆ, ದೇವಸ್ಥಾನದ ದತ್ತಿ ಎಲ್ಲ ನಡೆಯಿತು. ನಾವು ದಿನವೂ ಬಾಯಲ್ಲಿ ಆಡುವ 'ಹಣ' ಎನ್ನುವ ಮಾತೇ ಒಂದು ಕಾಲಕ್ಕೆ ಹುಣಸೆ ಬೀಜಕ್ಕಿಂತ ಸಣ್ಣದಾದ ಬಂಗಾರದ ನಾಣ್ಯದ ಹೆಸರು. ಶಿವಾಜಿ ಮಹಾರಾಜರು 1674ರಲ್ಲಿ ಪಟ್ಟವೇರಿ ಹೊರಡಿಸಿದ ಬಂಗಾರದ 'ಹೊನ್' ಕೂಡ ನಮ್ಮ 'ಹೊನ್ನು' ಎಂಬ ಮಾತನ್ನೇ ಹೊತ್ತದ್ದು. ಆ ಹೊನ್‌ಗಳಲ್ಲಿ ಈಗ ಉಳಿದಿರುವವು ತೀರ ಕಡಿಮೆ, ಆದ್ದರಿಂದಲೇ ಅವುಗಳ ಬೆಲೆಗೆ ಮಿತಿಯಿಲ್ಲ.

ಇವತ್ತಿನ ಸ್ಮರಣಾರ್ಥ ನಾಣ್ಯದ ಹಣೆಬರಹ ಬೇರೆ. ಹೊಡೆದ ದಿನವೇ ಅದು ಪೆಟ್ಟಿಗೆಯೊಳಗೆ ಹೋಗುತ್ತದೆ. ಕೊಂಡವರೆಲ್ಲ ಜೋಪಾನ ಮಾಡುತ್ತಾರೆ. ಸಾವಿರ ಹೊಡೆದರೆ ಐವತ್ತು ವರ್ಷವಾದರೂ ಸಾವಿರವೂ ಹೊಳೆಯುತ್ತ ಉಳಿಯುತ್ತವೆ. ಮಾರಲು ಹೊರಟವರೇ ಹೆಚ್ಚು, ಹುಡುಕಿಕೊಂಡು ಬರುವವರು ಕಡಿಮೆ. ಅಮೆರಿಕ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆಂದು ಹತ್ತು ಡಾಲರಿನ ಬಂಗಾರದ ನಾಣ್ಯ ಹೊಡೆಯಿತು, ಅರ್ಧ ಶತಮಾನದ ನಂತರ ಆ ದೇಶ ಹೊಡೆದ ಮೊದಲ ಬಂಗಾರದ ನಾಣ್ಯ. ಅಷ್ಟು ಹೆಸರು ಮಾಡಿದ ನಾಣ್ಯವೂ ಇವತ್ತು ಹೆಚ್ಚುಕಡಿಮೆ ತನ್ನ ಬಂಗಾರದ ತೂಕಕ್ಕೇ ಕೈ ಬದಲಾಗುತ್ತದೆ.

ಜಪಾನಿನ ಕಥೆಯನ್ನು ಮಗನಿಗೆ ನೀವೇ ಹೇಳಿ. 1986ರಲ್ಲಿ ಚಕ್ರವರ್ತಿ ಹಿರೋಹಿಟೊ ಪಟ್ಟಕ್ಕೆ ಬಂದು ಅರವತ್ತು ವರ್ಷವಾಯಿತೆಂದು ಅಲ್ಲಿನ ಸರ್ಕಾರ ಒಂದು ಲಕ್ಷ ಯೆನ್ನಿನ ಬಂಗಾರದ ನಾಣ್ಯ ಹೊರಡಿಸಿತು. ತೂಕ 20 ಗ್ರಾಂ. ಅದರೊಳಗಿನ ಬಂಗಾರದ ಬೆಲೆ ಆಗ ಮುಖಬೆಲೆಯ ಅರ್ಧಕ್ಕೂ ಕಡಿಮೆ. ಉಳಿದದ್ದೆಲ್ಲ ಸರ್ಕಾರಕ್ಕೆ ಆದಾಯ. ಬಂಗಾರಕ್ಕೂ ಮುಖಬೆಲೆಗೂ ಅಷ್ಟು ದೊಡ್ಡ ಅಂತರ ಇಟ್ಟರೆ ಕಳ್ಳರು ಸುಮ್ಮನಿರುತ್ತಾರೆಯೇ? ನಿಜವಾದ ಬಂಗಾರದಲ್ಲೇ ನಕಲಿ ಹೊಡೆದು ಹೊರದೇಶದಿಂದ ಒಳಗೆ ಸಾಗಿಸಿದರು. 1990ರಲ್ಲಿ ವಿಷಯ ಹೊರಬಿದ್ದಾಗ ನಕಲಿ ಎಂದು ಸಂಶಯಕ್ಕೆ ಸಿಕ್ಕ ನಾಣ್ಯ ಲಕ್ಷಕ್ಕೂ ಹೆಚ್ಚು. ಸರ್ಕಾರವೇ ಹೊಡೆದ ನಾಣ್ಯಕ್ಕೆ ಆ ಗತಿ.

ಇನ್ನು ನಿಮ್ಮ ಮಗ ತಂದ ಪುಸ್ತಕದಲ್ಲಿರುವುದು ಸರ್ಕಾರದ ನಾಣ್ಯವೂ ಅಲ್ಲ, ಅಕ್ಕಾರ. 2011ರ ನಾಣ್ಯ ಕಾಯ್ದೆಯಂತೆ ನಮ್ಮ ದೇಶದಲ್ಲಿ ನಾಣ್ಯ ಹೊಡೆಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳಲ್ಲಿ ಆ ಕೆಲಸ ನಡೆಯುತ್ತದೆ. ಖಾಸಗಿ ಕಂಪನಿಯವರು, ಆಭರಣದ ಅಂಗಡಿಯವರು ಮಾರುವುದು ನಾಣ್ಯದ ಆಕಾರದ ಬಂಗಾರದ ಬಿಲ್ಲೆ. 2015ರ ನವೆಂಬರ್ 5ರಂದು ಪ್ರಧಾನಿ ಬಿಡುಗಡೆ ಮಾಡಿದ, ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿಯ ಮುಖ ಇರುವ 'ಇಂಡಿಯನ್ ಗೋಲ್ಡ್ ಕಾಯಿನ್' ಮೇಲೂ ಇಷ್ಟು ರೂಪಾಯಿ ಎಂಬ ಮುಖಬೆಲೆ ಇಲ್ಲ. ಅದೂ ಬಂಗಾರ ಕೂಡಿಡಲು ಇರುವುದೇ ಹೊರತು ಸಂತೆಯಲ್ಲಿ ನಡೆಯಲು ಅಲ್ಲ. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೆ ಘಟ್ಟಿ ಬಂಗಾರ ಮನೆಯಲ್ಲಿ ಇಡುವುದೇ ಅಪರಾಧವಾಗಿತ್ತು. ಹಾಗಾಗಿ ನಮ್ಮಲ್ಲಿ ಹೊಸ ಬಂಗಾರದ ನಾಣ್ಯದ ವ್ಯಾಪಾರಕ್ಕೆ ಇನ್ನೂ ನಾಲ್ಕು ದಶಕವೂ ತುಂಬಿಲ್ಲ. ಅಷ್ಟು ಎಳೆಯ ಪೇಟೆಯಲ್ಲಿ ಹತ್ತು ಪಟ್ಟು ಕೊಟ್ಟು ಕೊಳ್ಳುವ ಸಂಗ್ರಾಹಕ ನಾಳೆ ಅಥಣಿಗೋ ಕಾಗವಾಡಕ್ಕೋ ಹುಡುಕಿಕೊಂಡು ಬರುತ್ತಾನೆ ಎಂದು ನಂಬುವುದು ಹೇಗೆ?

ಅಡಚಣೆಯ ಮಾತನ್ನೂ ಯೋಚಿಸಿ. ನಮ್ಮ ರೈತಾಪಿ ಮನೆಗಳಲ್ಲಿ ಬಂಗಾರ ಎಂದರೆ ಆಪತ್ತಿಗೆ ಒತ್ತೆ ಇಡುವ ಆಸರೆ. ನಾಣ್ಯವನ್ನು ಬ್ಯಾಂಕಿನಲ್ಲೇ ಕೊಂಡರೂ ಮಾರಿದ ಬ್ಯಾಂಕು ಅದನ್ನು ವಾಪಸು ಕೊಳ್ಳುವುದಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಬ್ಯಾಂಕುಗಳು ಮಾರಿದ ನಾಣ್ಯದ ಮೇಲೆ 50 ಗ್ರಾಂವರೆಗೆ ಸಾಲ ಸಿಗುತ್ತದೆ. ಖಾಸಗಿ ಕಂಪನಿಯ ಬಿಲ್ಲೆ ಎಂದರೆ ಮ್ಯಾನೇಜರು ಹಿಂದೆಮುಂದೆ ನೋಡುತ್ತಾರೆ. ನಿಮ್ಮ ಪಾಟ್ಲಿ, ಬಿಲ್ವರ ಒಯ್ದರೆ ಆ ತಕರಾರು ಇರುವುದಿಲ್ಲ.

ಆದರೂ ಸ್ಮರಣಾರ್ಥ ನಾಣ್ಯ ಎಂದರೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ನೀವು ಸದಲಗಾದ ಮಗಳು. ನಿಮ್ಮ ತವರಿನ ಓಣಿಯಲ್ಲಿ 1946ರ ಅಕ್ಟೋಬರ್ 10ರ ಶರದ್ ಪೂರ್ಣಿಮೆಯಂದು ಹುಟ್ಟಿದ ವಿದ್ಯಾಧರ ಎಂಬ ಬಾಲಕ 1968ರಲ್ಲಿ ಅಜ್ಮೇರದಲ್ಲಿ ಮುನಿದೀಕ್ಷೆ ಪಡೆದು ಮುಂದೆ ಆಚಾರ್ಯ ವಿದ್ಯಾಸಾಗರರಾದರು. ಕನ್ನಡ ಮಾತಾಡುತ್ತ ಬೆಳೆದವರು ಹಿಂದಿಯಲ್ಲಿ 'ಮೂಕಮಾಟಿ'ಯಂಥ ಮಹಾಕಾವ್ಯ ಬರೆದರು. 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೊಂಗರಗಡದಲ್ಲಿ ಅವರ ಸಮಾಧಿಯಾಯಿತು. ಮರುವರ್ಷ, 2025ರ ಫೆಬ್ರುವರಿ 6ರಂದು, ಅಲ್ಲಿಯೇ ಕೇಂದ್ರ ಗೃಹಮಂತ್ರಿಗಳು ಅವರ ನೆನಪಿನ 100 ರೂಪಾಯಿಯ ನಾಣ್ಯ ಬಿಡುಗಡೆ ಮಾಡಿದರು. ಅದೇ ವರ್ಷದ ಜೂನ್ 28ಕ್ಕೆ ದಿಲ್ಲಿಯ ವಿಜ್ಞಾನ ಭವನದಲ್ಲಿ ಆಚಾರ್ಯ ವಿದ್ಯಾನಂದರ ಜನ್ಮಶತಾಬ್ದಿಯ ನಾಣ್ಯ ಹೊರಬಂತು. ಅವರು ಹುಟ್ಟಿದ್ದು 1925ರ ಏಪ್ರಿಲ್ 22ರಂದು, ಕಾಗವಾಡದ ಮಗ್ಗುಲಿನ ಶೇಡಬಾಳದಲ್ಲಿ. ಐದು ತಿಂಗಳ ಒಳಗೆ ನಮ್ಮ ಈ ಭಾಗದ ಎರಡು ಊರಿನ ಮಕ್ಕಳು ಭಾರತ ಸರ್ಕಾರದ ನಾಣ್ಯದ ಮೇಲೆ ಬಂದರು. ಸುದ್ದಿ ಓದಿದ ದಿನ ನಾನು ಸೈಕಲ್ ಹತ್ತಿ ಗೆಳೆಯರ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ.

ಮೊಮ್ಮಗಳಿಗೆ ಕೊಡಬೇಕಾದದ್ದು ಇಂಥ ನಾಣ್ಯ. ಬಂಗಾರದ್ದಲ್ಲ, ಹಾಗಾಗಿ ಕಬ್ಬಿನ ಬಿಲ್ಲು ಕರಗುವುದಿಲ್ಲ. ಟಂಕಸಾಲೆಯ ನಿಗಮದಲ್ಲಿ ಹೆಸರು ನೋಂದಾಯಿಸಿದರೆ ಅಂಚೆಯಲ್ಲಿ ಮನೆಗೇ ಬರುತ್ತದೆ. ಮುಖಬೆಲೆ 100 ಎಂದಿದ್ದರೂ ಕೊಳ್ಳುವ ಬೆಲೆ ಸಾವಿರಗಳಲ್ಲಿ ಇರುತ್ತದೆ, ಅದಕ್ಕೆ ಬೆಚ್ಚಬೇಡಿ. ಲೋಹ ಯಾವುದು ಎಂದು ಮಾತ್ರ ಓದಿ ನೋಡಿ. ಬೆಳ್ಳಿ ನಾಣ್ಯ ಎಂದ ಮಾತ್ರಕ್ಕೆ ಪಕ್ಕಾ ಬೆಳ್ಳಿ ಎಂದು ತಿಳಿಯಬಾರದು. 2023ರ ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ 35 ಗ್ರಾಂ ತೂಗುತ್ತದೆ. ಅದರಲ್ಲಿ ಬೆಳ್ಳಿ ಅರ್ಧ, ತಾಮ್ರ ಶೇ 40, ಉಳಿದದ್ದು ನಿಕ್ಕಲ್ಲು ಮತ್ತು ಸತುವು. ಅದನ್ನೂ ಮುಂದೆ ಮಾರಿ ಲಾಭ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ಮಗು ದೊಡ್ಡವಳಾಗಿ "ಆಯಿ, ಇವರು ಯಾರು?" ಎಂದು ಕೇಳಿದಾಗ ನಮ್ಮೂರಿನವರು ಎಂದು ಹೇಳಲು ಅದು ಬೇಕು.

ಅದಕ್ಕೂ ದುಡ್ಡು ಬೇಡ ಎಂದರೆ ಇನ್ನೂ ಸುಲಭದ ದಾರಿ ಇದೆ. 2006ರಲ್ಲಿ ಬಸವಣ್ಣನವರ ಹೆಸರಿನಲ್ಲಿ 5 ರೂಪಾಯಿಯ ನಾಣ್ಯ ಬಂದಿತ್ತು. ಭಗವಾನ್ ಮಹಾವೀರರ 2600ನೇ ಜನ್ಮಕಲ್ಯಾಣಕ್ಕೆ 2001ರಲ್ಲಿಯೂ 5 ರೂಪಾಯಿಯದು ಬಂದಿತ್ತು. ಎರಡೂ ನಮ್ಮ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿದವು. ಅವ್ವ ಒಂದು ಬಸವಣ್ಣನ ನಾಣ್ಯವನ್ನು ಜಗಲಿಯ ಮೇಲೆ ಇಟ್ಟು ದಿನವೂ ವಿಭೂತಿ ಹಚ್ಚುತ್ತಿದ್ದಳು. ನಾನು ಕೂಡಿಸಿದ ಎಲ್ಲ ನಾಣ್ಯಗಳಲ್ಲಿ ನನಗೆ ಪ್ರೀತಿಯದು ಅದೇ. ಅಂಚೆಲ್ಲ ಸವೆದಿದೆ, ವಿಭೂತಿ ಅಕ್ಷರಗಳ ಸಂದಿಯಲ್ಲಿ ಕೂತಿದೆ, ನಾನು ತೊಳೆದಿಲ್ಲ.

ಮಗುವಿನ ಹೆಸರಲ್ಲಿ ಬಂಗಾರವೇ ಇಡಬೇಕು ಎಂದರೆ ಇಡಿ. ನಮ್ಮ ಗಡಿಭಾಗದಲ್ಲಿ ಮೂರೂವರೆ ಮುಹೂರ್ತ ಎಂದು ಯುಗಾದಿ, ಅಕ್ಷಯ ತದಿಗೆ, ದಸರೆ, ಈ ಪಾಡ್ಯಕ್ಕೆ ಗುಂಜಿ ಬಂಗಾರವಾದರೂ ಕೊಳ್ಳುವ ರೂಢಿ ಉಂಟಲ್ಲ, ಅದನ್ನು ಬಿಡುವುದು ಬೇಡ. ಚಿತ್ರ, ಬಣ್ಣ, ಪೆಟ್ಟಿಗೆ ಏನೂ ಇಲ್ಲದ 24 ಕ್ಯಾರೆಟ್ಟಿನ ಸಾದಾ ನಾಣ್ಯ, ಹಾಲ್‌ಮಾರ್ಕ್ ಇರುವುದು, ಮಜೂರಿ ಎಲ್ಲಿ ಕಡಿಮೆಯೋ ಅಲ್ಲಿ. ಅಂಗಡಿಯವರು ಮುದ್ರೆ ಹಾಕಿದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಡಿ, ಪಾವತಿ ಜೋಪಾನ ಮಾಡಿ. ಮಾರುವ ದಿನ ಆ ಎರಡೇ ಕೈಹಿಡಿಯುವುದು.

ಈಗ ಸರದ ಮಾತಿಗೆ ಬರುತ್ತೇನೆ. ನಿಮ್ಮ ಮದುವೆಯಲ್ಲಿ ಅತ್ತೆಯವರ ಕೊರಳಲ್ಲಿ ನೋಡಿದ್ದು ನನಗೆ ನೆನಪಿದೆ. ಪುತಳಿ ಸರದ ಬಿಲ್ಲೆ ಮೂಲದಲ್ಲಿ ವೆನಿಸ್ ನಗರದ ಬಂಗಾರದ ನಾಣ್ಯ. 1284ರಿಂದ ಆ ಗಣರಾಜ್ಯ ಬಿದ್ದ 1797ರವರೆಗೆ ಚಿತ್ರ ಬದಲಿಸದೆ ಹೊಡೆದರು. ಹಡಗಿನಲ್ಲಿ ಮೆಣಸು, ಬಟ್ಟೆ ಕೊಳ್ಳಲು ಬಂದವರು ಅದನ್ನು ನಮ್ಮ ಕರಾವಳಿಗೆ ತಂದು ಸುರಿದರು. ಘಟ್ಟ ಹತ್ತಿ ಬಂದ ನಾಣ್ಯದ ಮೇಲೆ ನಿಂತ ಪುತ್ಥಳಿ ಕಂಡು ನಮ್ಮವರು ಪುತಳಿ ಎಂದರು, ಪತ್ತಾರರು ಕೊಂಡಿ ಬೆಸೆದು ಸರ ಮಾಡಿದರು.

ಒಂದು ಕೆಲಸ ಮಾಡಿ. ಹಗಲು ಬೆಳಕಿಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಒಂದೊಂದೇ ಬಿಲ್ಲೆ ತಿರುಗಿಸಿ ನೋಡಿ. ಒಂದು ಮುಖದಲ್ಲಿ ನಿಂತ ಸಂತನ ಎದುರು ಒಬ್ಬ ಮೊಣಕಾಲೂರಿ ಧ್ವಜದ ಕೋಲು ಹಿಡಿದಿರುತ್ತಾನೆ. ಕೋಲಿನ ಪಕ್ಕ ಒಂದರ ಕೆಳಗೊಂದು ಮೂರು ರೋಮನ್ ಅಕ್ಷರ: ಡಿ, ವಿ, ಎಕ್ಸ್. ಹಿಂಬದಿಯಲ್ಲಿ ಮೊಟ್ಟೆಯಾಕಾರದ ಚೌಕಟ್ಟು, ಒಳಗೆ ನಿಂತ ಆಕೃತಿ, ಸುತ್ತ ಚುಕ್ಕೆಗಳು. ಅಕ್ಷರ ಸ್ಪಷ್ಟವಿದ್ದು, ಬಿಲ್ಲೆ ಮೂರೂವರೆ ಗ್ರಾಂ ಆಸುಪಾಸು ತೂಗಿದರೆ ಅದು ವೆನಿಸ್ಸಿನದೇ ಇರಬಹುದು. ಅಕ್ಷರದ ಜಾಗದಲ್ಲಿ ಬರೀ ಗೆರೆ, ಬೊಟ್ಟು ಇದ್ದರೆ ನಮ್ಮ ಕಡೆಯ ಯಾರೋ ಪತ್ತಾರ ಆ ಲಿಪಿ ಓದಲು ಬಾರದೆ, ಕಂಡಷ್ಟನ್ನು ನೋಡಿ ಅಚ್ಚು ಕೊರೆದದ್ದು. ನಿಮ್ಮ ಸರದಲ್ಲಿ ಎರಡೂ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕಡಿಮೆ ಹೇಳುತ್ತಾರೆ, ಹೇಳಲಿ. ಸೀಗೆಪುಡಿ, ಬ್ರಷ್ಷು ಹಾಕಿ ತಿಕ್ಕಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ ಎಂಬುದೂ ಮಗನಿಗೆ ಗೊತ್ತಿರಲಿ.

ಪೆಟ್ಟಿಗೆಯಲ್ಲಿ ಎರಡು ಗಿನ್ನಿಯೂ ಇವೆ ಎಂದು ಹಿಂದೊಮ್ಮೆ ಹೇಳಿದ್ದಿರಿ. ಅವನ್ನೂ ತೆಗೆಯಿರಿ. ಕುದುರೆ ಸವಾರನ ಚಿತ್ರದ ಕೆಳಗೆ, ಇಸವಿಯ ಮೇಲಿನ ನೆಲದ ಗೆರೆಯ ನಟ್ಟನಡುವೆ, ಇರುವೆಯಷ್ಟು ಸಣ್ಣದಾಗಿ ಇಂಗ್ಲಿಷಿನ 'ಐ' ಅಕ್ಷರ ಇದೆಯೇ ನೋಡಿ. ಇದ್ದು, ಇಸವಿ 1918 ಎಂದಿದ್ದರೆ ಅದು ಮುಂಬೈಯಲ್ಲಿ ಹೊಡೆದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹಳೇ ಬ್ರಿಟಿಷ್ ಗಿನ್ನಿ ಹೊಡೆದದ್ದು ಆ ಒಂದೇ ಇಸವಿಯದು. 22 ಕ್ಯಾರೆಟ್, ಎಂಟು ಗ್ರಾಂಗೆ ಕೂದಲೆಳೆ ಕಡಿಮೆ. ಹದಿಮೂರು ಲಕ್ಷದ ಹತ್ತಿರ ಹೊಡೆದ ಕಾರಣ ತೀರ ಅಪರೂಪವಲ್ಲ. ಆದರೂ ಸರಾಫರು ಅದನ್ನು ಒರೆಗೆ ಹಚ್ಚದೆ ಕಣ್ಣಿಂದಲೇ ಗುರುತಿಸುತ್ತಾರೆ, ಕೊಳ್ಳುವವರೂ ಸಿಗುತ್ತಾರೆ. ಇಂಥ ಗಿನ್ನಿ ಮನೆಯಲ್ಲೇ ಇರುವಾಗ ಹೊಸ ಪೆಟ್ಟಿಗೆಯ ನಾಣ್ಯಕ್ಕೆ ಯಾಕೆ ಆಸೆಪಡಬೇಕು?

ಮಗನನ್ನು ಕೂರಿಸಿಕೊಂಡು ಈ ಪತ್ರ ಓದಿ ಹೇಳಿ. ಪುಣೆಗೆ ಹೊರಡುವ ಮುಂಚೆ ಒಂದು ದಿನ ಅವನನ್ನೇ ಕರೆದುಕೊಂಡು, ಸರ ಮತ್ತು ಗಿನ್ನಿ ಬಟ್ಟೆಯಲ್ಲಿ ಸುತ್ತಿಕೊಂಡು ಚಿಕ್ಕೋಡಿಗೆ ಬನ್ನಿ. ಭೂತಗನ್ನಡಿ, ಸಣ್ಣ ತಕ್ಕಡಿ ನನ್ನ ಹತ್ತಿರ ಇವೆ. ಬಿಲ್ಲೆಬಿಲ್ಲೆಯ ತೂಕ, ಚಿತ್ರ ಒಂದು ವಹಿಯಲ್ಲಿ ಬರೆದಿಡೋಣ. ಯಾರು ಯಾರಿಗೆ, ಯಾವ ಮದುವೆಯಲ್ಲಿ ಕೊಟ್ಟರು ಎಂಬುದನ್ನು ನೀವು ಹೇಳಿ, ಅವನು ಬರೆಯಲಿ. ಆ ವಹಿಯ ಕೊನೆಯ ಸಾಲಿಗೆ ಮೊಮ್ಮಗಳ ಹೆಸರು ಬರೆಯಿರಿ. ಅಲ್ಲಿಯವರೆಗೆ ಸರ ಪತ್ತಾರನ ಕೈಗೆ ಕೊಡಬೇಡಿ.

ನಿಮ್ಮ ತಮ್ಮ